ಪುಟ ಮೂವತ್ತೊಂದು

ಬೈತಖೋಲದ ವಾಮನ ತಾಂಡೇಲರು
ಅಂಗಡಿಗೆ ಬಂದದ್ದು ಜೂನ್ ಎರಡನೇ ವಾರ,
ಬಲೆ ಮಡಚಿ, ದೋಣಿ ಮೇಲಕ್ಕೆಳೆದು
ಕೈ ಸುಮ್ಮನಿರಲಾಗದ ದಿನಗಳಲ್ಲಿ.

ಗೋಡೆ ತುಂಬ ಹದಿನೇಳು ಟೀವಿ.
ಹದಿನೇಳರಲ್ಲೂ ಒಂದೇ ಹಕ್ಕಿ, ಒಟ್ಟಿಗೇ ರೆಕ್ಕೆ ಬಿಚ್ಚುತ್ತಿತ್ತು.
ಅವರು ಹಕ್ಕಿ ನೋಡಲಿಲ್ಲ.
ಐವತ್ತೈದು ಇಂಚಿನದರ ಬದಿಗೆ ಹೋಗಿ
ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು,
ಹಲಗೆಯೊಳಗೆ ಹುಳ ಬಿದ್ದಿದೆಯೇ ಎಂದು ಆಲಿಸುವ ಹಾಗೆ.
"ಲೆಪ್ಪೆ ಮೀನಿನಷ್ಟು ತೆಳ್ಳಗುಂಟು.
ಎಷ್ಟು ವರ್ಷ ಬರ್ತದೆ, ತಂಗೀ?"

ಕಂಪನಿ ಕಲಿಸಿದ್ದನ್ನೇ ಹೇಳಿದೆ:
ಒಂದು ವರ್ಷ ಪೂರ್ತಿ, ಪ್ಯಾನೆಲ್ಲಿಗೆ ಇನ್ನೊಂದು,
ನಾಲ್ಕು ಸಾವಿರ ಹೆಚ್ಚು ಕೊಟ್ಟರೆ ಮತ್ತೆರಡು.
"ಅದು ಜಾಮೀನಿನ ಮಾತಾಯ್ತು.
ನಾನು ಕೇಳಿದ್ದು ಆಯುಷ್ಯ.
ನಮ್ಮ ದೋಣಿ ಅಪ್ಪನ ಕಾಲದ್ದು,
ವರ್ಷಕ್ಕೊಮ್ಮೆ ಎಣ್ಣೆ ಕುಡಿಸ್ತೇವೆ.
ಇದಕ್ಕೆ ಯಾವ ಎಣ್ಣೆ?"
ನಾನು ನಕ್ಕೆ.
ಅವರು ಉತ್ತರಕ್ಕೆ ಕಾಯುತ್ತ ನಿಂತೇ ಇದ್ದರು.

ಆ ಪುಸ್ತಿಕೆಯ ಮೂವತ್ತೊಂದನೇ ಪುಟ ನನಗೆ ಬಾಯಿಪಾಠ.
ಇರುವೆ ಸಾಲಿನಂಥ ಅಕ್ಷರ:
ಕಡಲ ಗಾಳಿ, ಉಪ್ಪಿನಂಶ, ತುಕ್ಕು,
ಇವುಗಳಿಂದಾದ ಹಾನಿಗೆ ನಾವು ಹೊಣೆಯಲ್ಲ.
ಕಾರವಾರದಲ್ಲಿ ಕೂತು ಓದಿದರೆ
ಉಸಿರಾಡಿದ್ದು ನಿಮ್ಮ ತಪ್ಪು ಎಂದ ಹಾಗೆ.
ಅವರ ಅಂಗಳದಿಂದ ನೀರಿಗೆ ನೂರು ಹೆಜ್ಜೆ;
ದೀಪಾವಳಿಗೆ ಬಣ್ಣ ಕಂಡ ಕಿಟಕಿಯ ಸರಳು
ಹೋಳಿಯೊಳಗೆ ಕೆಂಪು ಕಕ್ಕುವ ಕೇರಿ.
ಆ ತಿಂಗಳ ಟಾರ್ಗೆಟ್ಟಿಗೆ ಇನ್ನೆರಡು ಬಾಕಿ ಇತ್ತು.
ನಾನು ಪುಟ ತಿರುಗಿಸಲಿಲ್ಲ.

ಹಳೆಯ ಡಬ್ಬ ಟೀವಿಗೆ ಎಂಟುನೂರು ಕಳೆದೆವು.
ಅಳಿಯನೂ ಅವರೂ ರಿಕ್ಷಾದಿಂದಿಳಿಸಿ
ಬಾಣಂತಿಯನ್ನು ಇಳಿಸುವ ಹಾಗೆ ಇಳಿಸಿ
ಗೋಡೌನಿನ ಮೂಲೆಗೆ ಇಟ್ಟು ಹೋದರು.

ಎರಡು ವರ್ಷ, ನಾಲ್ಕು ತಿಂಗಳು.
ಮೊನ್ನೆ ಬಂದರು. ಫೋನಿನಲ್ಲಿ ಒಂದು ಚಿತ್ರ:
ಪರದೆಯ ನಡುವೆ, ಮೇಲಿಂದ ಕೆಳಗೆ, ಒಂದು ಹಸಿರು ಗೆರೆ.
"ಪಟದ ಕಂಬ ನೆಟ್ಟ ಹಾಗುಂಟು ನೋಡು.
ಕ್ರಿಕೆಟ್ ಮೈದಾನದಲ್ಲೂ ಕಂಬ, ಮದುವೆ ಮಂಟಪದಲ್ಲೂ ಕಂಬ.
ಧಾರಾವಾಹಿಯ ಹೆಂಗಸರೆಲ್ಲ ಅದಕ್ಕೇ ಒರಗಿ ಅಳ್ತಾರೆ
ಅಂತಾಳೆ ಇವಳು."

ಹುಬ್ಬಳ್ಳಿಗೆ ಕಳಿಸಬೇಕು, ಪ್ಯಾನೆಲ್ಲಿಗೇ ಮೂವತ್ತೆರಡು ಸಾವಿರ,
ಹೆಚ್ಚಿನ ಜಾಮೀನು ತೆಗೆದುಕೊಂಡಿದ್ದರೂ, ಉಪ್ಪು ಅಂದರೆ...
ನನ್ನ ಮಾತು ಅಲ್ಲಿಗೇ ನಿಂತಿತು.
"ಉಪ್ಪು ಸಾಗುವಾನಿಯನ್ನೇ ಬಿಡೋದಿಲ್ಲ," ಅಂದರು.
ಬೈದಿದ್ದರೆ ಚೆನ್ನಾಗಿತ್ತು.
ಆಮೇಲೆ, ಮೆಲ್ಲಗೆ:
"ನಿನಗೆ ಗೊತ್ತಿತ್ತನಾ?"

ಫ್ಯಾನಿನ ಗಾಳಿಗೆ ಬಿಲ್ ಪುಸ್ತಕದ ಹಾಳೆ ಏಳುತ್ತಿತ್ತು.
ಅದರ ಮೇಲೆ ಕೈ ಇಟ್ಟುಕೊಂಡು "ಹೌದು" ಅಂದೆ.
ಅವರು ಬಹಳ ಹೊತ್ತು ಆ ಹದಿನೇಳು ಹಕ್ಕಿ ನೋಡಿದರು.
"ನನ್ನ ಹಳೇದು ಉಂಟಾ?"

ಉಂಟು. ಗುಜರಿಯವನು ಒಯ್ದಿರಲಿಲ್ಲ.
ಗೋಡೌನಿನ ಕತ್ತಲಲ್ಲಿ ಅದರೆದುರು ಒಂದು ಸ್ಟೂಲು,
ಅರ್ಧ ಉರಿದ ಸೊಳ್ಳೆಬತ್ತಿ, ಎಲೆ ಅಡಿಕೆಯ ಸಂಚಿ.
ರಾತ್ರಿ ಕಾವಲಿನ ಸುಕ್ರು ಗೌಡ, ಹಾಲಕ್ಕಿಯವನು,
ಎಲ್ಲಿಂದಲೋ ಒಂದು ವೈರು ಎಳೆದುಕೊಂಡಿದ್ದಾನೆ.
ನಾವು ಹೋದದ್ದಕ್ಕೆ ಗಡಬಡಿಸಿ ಎದ್ದು ನಿಂತ.

ತಾಂಡೇಲರು ಅದರ ದಪ್ಪ ಬೆನ್ನ ಮೇಲೆ ಅಂಗೈ ಇಟ್ಟರು.
ಬೆಚ್ಚಗಿತ್ತೇನೋ, ತೆಗೆಯಲಿಲ್ಲ.
ಒಮ್ಮೆ ಸ್ಟೂಲು ನೋಡಿದರು, ಒಮ್ಮೆ ಸುಕ್ರುವನ್ನು.
ಕೇಳಲು ಬಂದದ್ದನ್ನು ಕೇಳಲಿಲ್ಲ.

"ಚಿತ್ರ ಕುಣಿದರೆ," ಅಂದರು,
"ಬಲಗಡೆ, ಇಲ್ಲಿ, ಮೆಲ್ಲಗೆ ಒಂದು ಏಟು."

ಸುಕ್ರು ಅಂದ: "ಗೊತ್ತು."