ಬಾಕಿ

ಮೇಲಿನವರಿಗೆ ಇದು ಕಷ್ಟವೇ ಅಲ್ಲ.
ತ್ಬಿಲಿಸಿಯ ತಿರುವಿನಲ್ಲಿ ಬಸ್ಸು ವಾಲುತ್ತದೆ,
ಗುಡ್ಡದ ಮೇಲೊಂದು ಚರ್ಚು ಇಣುಕುತ್ತದೆ,
ಡ್ರೈವರನೂ ಸ್ಟೀರಿಂಗ್ ಬಿಟ್ಟು
ಹಣೆ, ಹೊಟ್ಟೆ, ಬಲಭುಜ, ಎಡಭುಜ,
ಮೂರು ಸಲ ಶಿಲುಬೆ ಬರೆದುಕೊಳ್ಳುತ್ತಾನೆ.
(ಅಷ್ಟು ಹೊತ್ತು ಬಸ್ಸು ಓಡಿಸುವವನು ನೀನೇ ಇರಬೇಕು.)
ಈರುಳ್ಳಿ ಬೆಲೆಯ ಮಾತು ನಡುವೆ ನಿಲ್ಲುವುದಿಲ್ಲ.
ಕಣ್ಣಿಗೆ ಬಿದ್ದೆ, ಕೈ ಎತ್ತಿದರು. ಅಷ್ಟೆ.

ನನ್ನ ಪಾಡು ಬೇರೆ.
ಮೆಟ್ರೊದ ಮೂರು ಎಸ್ಕಲೇಟರುಗಳ ಬುಡದಲ್ಲಿ
ಗಾಜಿನ ಗೂಡು, ಕುಂಟುವ ಕುರ್ಚಿ,
ಒಂದು ಕೆಂಪು ಗುಂಡಿ, ಮೈಕು, ಕಪ್ಪು ಫೋನು.
ಹನ್ನೆರಡು ಗಂಟೆ.
ಇಲ್ಲಿಂದ ಯಾವ ಗುಡ್ಡವೂ ಕಾಣುವುದಿಲ್ಲ.

ಬರುವಾಗಲೇ ಕಾಳು ತುಂಬಿದ ರೊಟ್ಟಿಯ ಜೊತೆ
ದಿನದ ಪ್ರಾರ್ಥನೆಯನ್ನೂ ಗಂಟು ಕಟ್ಟಿ ತರುತ್ತೇನೆ.
ಕರ್ತನೇ, ಕರುಣಿಸು. ಎರಡೇ ಮಾತು.
ಆ ಎರಡಕ್ಕೂ ಬಿಡುವು ಕೊಡುವುದಿಲ್ಲ ಈ ಜನ.
ಕರ್ತನೇ— ಏ ಹುಡುಗ, ನಿನ್ನ ಬೂಟಿನ ಲಾಡಿ!
ಕರ್ತನೇ— ಅಮ್ಮಾ, ಕೈಗಾಡಿ ಮುಂದೆ ಹಿಡಿ, ಹಿಂದಲ್ಲ.
ಕರ್ತನೇ— ನಡುವಿನದು ಮತ್ತೆ ಕಿರುಗುಟ್ಟುತ್ತಿದೆ,
ಎಣ್ಣೆ ಬಿಡುವ ಮುರ್ಮನ್ ಅಳಿಯನ ಮನೆಗೆ ಹೋಗಿದ್ದಾನೆ.
ಸಂಜೆ ಲೆಕ್ಕ ಹಾಕಿದರೆ
ಕರೆದದ್ದು ಇನ್ನೂರು ಸಲ, ಬೇಡಿದ್ದು ಒಮ್ಮೆಯೂ ಇಲ್ಲ.
ಕದ ತಟ್ಟಿ ಓಡಿಹೋಗುವ ತುಂಟರ ಹಾಗೆ
ನಾನು, ಅರವತ್ತೊಂದರ ಮುದುಕಿ.

ದೊಡ್ಡ ಉಪವಾಸದ ಮೂರನೆಯ ವಾರ,
ಮೈಕಿನ ಗುಂಡಿ ಒತ್ತಿಯೇ ಇರುವುದು ಮರೆತು
ಆವತ್ತು ಪೂರ್ತಿ ಹೇಳಿಬಿಟ್ಟೆ.
ಸುರಂಗದುದ್ದಕ್ಕೂ ನನ್ನ ಗೊಗ್ಗರು ದನಿ.
ಓಡಿ ಇಳಿಯುತ್ತಿದ್ದ ಇಬ್ಬರು ಗಕ್ಕನೆ ನಿಂತರು.
ಏನೋ ಕುಸಿಯಿತೆಂದು ಒಬ್ಬಳು ಚಾವಣಿ ನೋಡಿದಳು.
ಕುಡುಕನೊಬ್ಬ ಟೋಪಿ ತೆಗೆದ.
ಕಪ್ಪು ಫೋನು ಬಡಿದುಕೊಂಡಿತು:
"ನಾಜಿಬ್ರೋಲಾ, ಬಲಗಡೆ ನಿಲ್ಲಿ ಅನ್ನುವುದಷ್ಟೇ ನಿನ್ನ ಕೆಲಸ."
ಹೂಂ ಅಂದೆ. ಆಮೇಲೆ ನಗು ಬಂತು.
ಕೊನೆಯ ದಿನ ನೀನು ಕುರಿಗಳನ್ನು ನಿಲ್ಲಿಸುವುದೂ
ಆ ಕಡೆಗೇ ಅಲ್ಲವೇ?

ಅದಾದ ಮೇಲೆ ಕೈಗಳನ್ನು ನೋಡತೊಡಗಿದೆ.
ಸ್ಟೇಷನ್ನಿನ ಬಾಯಲ್ಲೇ ಒಂದು ಪುಟ್ಟ ಚರ್ಚಿದೆ.
ಅಲ್ಲಿ ಒಂದೋ ಎರಡೋ ಶಿಲುಬೆ ಬರೆದವರು
ಕಾರ್ಡು ಹುಡುಕುತ್ತ, ಗೇಟು ತಳ್ಳುತ್ತ ಒಳಗೆ ನುಗ್ಗುತ್ತಾರೆ.
ಟ್ಯುಲಿಪ್ ಮಾರುವವಳ ಎರಡೂ ಕೈಗೆ ಬಕೆಟ್ಟು.
ಅರ್ಧ ದಾರಿ ಇಳಿದ ಮೇಲೆ ಅವನ್ನು ಮೆಟ್ಟಿಲಿಗಿಟ್ಟು,
ಒದ್ದೆ ಬೆರಳನ್ನು ಸ್ಕರ್ಟಿಗೆ ಒರೆಸಿ,
ಉಳಿದಿದ್ದ ಮೂರನೆಯದನ್ನು ಬರೆದುಕೊಂಡಳು,
ಸರಿಯಾಗಿ ನನ್ನ ಗೂಡಿಗೆ ಎದುರಾಗಿ.
ಗುಡ್ಡ ಕಾಣದಿದ್ದರೇನಂತೆ,
ಚೂರು ಚೂರಾಗಿ ಇಳಿದು ಬರುತ್ತದೆ ಕೆಳಕ್ಕೆ.

ಹನ್ನೆರಡಕ್ಕೆ ಕೊನೆಯ ರೈಲು.
ಕೆಂಪು ಗುಂಡಿ ಒತ್ತಿದರೆ ಮೂರೂ ಸತ್ತಂತೆ ನಿಲ್ಲುತ್ತವೆ.
ಇಡೀ ದಿನ ಊರನ್ನೇ ಹತ್ತಿಸಿದವಳಿಗೆ
ಕಾಲೇ ಗತಿ.
ಆಗ ತೆಗೆಯುತ್ತೇನೆ ಗಂಟಿನಿಂದ
ದಿನವಿಡೀ ಬಾಕಿ ಉಳಿದ ಎರಡನೆಯ ಮಾತನ್ನು,
ಮೆಟ್ಟಿಲಿಗೊಂದರಂತೆ:
ಕರುಣಿಸು.
ಕರುಣಿಸು. ಲಾಡಿಯ ಹುಡುಗನದು ಇದು.
ಕರುಣಿಸು. ಕೈಗಾಡಿಯದು.
ಎಂಬತ್ತರ ಹತ್ತಿರ ಉಸಿರು ಸಿಕ್ಕಿಕೊಳ್ಳುತ್ತದೆ,
ಎಣಿಕೆ ತಪ್ಪುತ್ತದೆ,
ಮಂಡಿ ಹಿಡಿದು ಕೂತು 'ಅಯ್ಯೋ' ಅನ್ನುತ್ತೇನೆ.
ಅದನ್ನೂ ಲೆಕ್ಕಕ್ಕೆ ಹಿಡಿದುಕೋ.