ಏಳು ನಂಬರಿನ ಮೊಹರು

ಭೋಸರಿಯ ನಮ್ಮ ಶೆಡ್ಡಿಗೆ ಅವನು ಬಂದದ್ದು
ಬೆಳಿಗ್ಗೆ ಏಳೂವರೆಗೆ, ಗ್ರೈಂಡರ್ ಇನ್ನೂ ತಣ್ಣಗಿದ್ದಾಗ.
ಟವೆಲ್ಲಿನಲ್ಲಿ ಸುತ್ತಿ ತಂದಿದ್ದ.
ಕೂಸಿನ ಹಾಗೆ ಅನ್ನಲಾರೆ, ಹನ್ನೊಂದು ಕಿಲೋ ಕಬ್ಬಿಣ:
ಹಿಂದಿನ ಪಾಟಾದ ಬ್ರಾಕೆಟ್ಟು, ಎರಡು ತುಂಡು.

"ಖಂಬಾಟಕಿ ಘಾಟಿನಾಗ ಮುರೀತ್ರಿ ಅಕ್ಕಾರ.
ಉಳ್ಳಾಗಡ್ಡಿ ಲೋಡ್. ಗಾಡಿ ಒಂದ ಬದಿ ಕುಂತತು, ನಿಂತತು.
ಯಾರಿಗೂ ಏನೂ ಆಗಿಲ್ಲ. ಜಗಳಕ್ಕ ಬಂದಿಲ್ಲ ನಾ.
ಎಲ್ಲಿಂದ ಮುರೀತು ಅಂತ ನೀವ ನೋಡ್ರಿ."
ಸಿಂದಗಿಯ ಬೀರಗೊಂಡ. ಇಪ್ಪತ್ತೆರಡು ವರ್ಷ ಸ್ಟಿಯರಿಂಗ್ ಹಿಡಿದವನು
ಚಹಾದ ಗ್ಲಾಸನ್ನೂ ಎರಡು ಕೈಯಲ್ಲಿ ಹಿಡಿದ.

ನಾನು ಮೊದಲು ನೋಡಿದ್ದು ಮುರಿದ ಜಾಗವನ್ನಲ್ಲ.
ಮೂಲೆಯಲ್ಲಿ ಪಂಚು ಹೊಡೆದ ಅಂಕಿ: ಏಳು.
ಈ ಶೆಡ್ಡಿನಲ್ಲಿ ಏಳು ಎಂದರೆ ನಾನು,
ನೀಲಾಂಬಿಕಾ ಹೂಗಾರ, ಹತ್ತು ವರ್ಷದಿಂದ
'ಪಾಸ್' ಅನ್ನುತ್ತ ಬಂದ ಕೈ.

ಮುರಿದ ಮುಖಕ್ಕೆ ಎರಡು ಬಣ್ಣ.
ಒಂದು ಕಡೆ ಕಂದು, ಹಳೆಯ ತುಕ್ಕು, ಗೆರೆಗೆರೆ,
ಕೆರೆ ಬತ್ತುತ್ತ ದಡದಲ್ಲಿ ಬಿಟ್ಟುಹೋದ ಗೆರೆಗಳಂತೆ:
ಬಿರುಕು ದಿನಕ್ಕಿಷ್ಟು ನಡೆದ ದಾರಿ.
ಇನ್ನೊಂದು ಕಡೆ ಸಕ್ಕರೆ ಹರಳಿನ ಹೊಳಪು.
ಅದು ಆ ರಾತ್ರಿಯದು.
ಕಂದು ಭಾಗವೇ ಮುಕ್ಕಾಲು.
ಕೊನೆಕೊನೆಗೆ ಬೀರಗೊಂಡ ಘಾಟು ಇಳಿದದ್ದು
ಕಾಲುಭಾಗ ಕಬ್ಬಿಣ ನಂಬಿಕೊಂಡು.

ಬೆಸೆದವರು ಮುಲಾನಿ ಚಾಚಾ.
ಅವರ ಬೆಸುಗೆ ನೋಡಲೆಂದೇ ಪಕ್ಕದ ಶೆಡ್ಡಿನ ಹುಡುಗರು ಬರುತ್ತಾರೆ:
ಒಂದಕ್ಕೊಂದು ಒರಗಿಸಿಟ್ಟ ನಾಲ್ಕಾಣೆಗಳ ಸಾಲು.
ಆ ಸಾಲು ಕಂಡೊಡನೆ ನನ್ನ ಸುತ್ತಿಗೆ
ತಾನಾಗಿಯೇ ಎದ್ದಿರಬೇಕು.

ಗೋದಾಮಿನಲ್ಲಿ ಉಳಿದ ಮೂವತ್ತಕ್ಕೂ ಕೆಂಪು ದ್ರವ ಬಳಿದೆ,
ಕಾದು, ಒರೆಸಿ, ಬಿಳಿ ಪುಡಿ ಸಿಂಪಡಿಸಿ ಕೂತೆ.
ಎರಡರಲ್ಲಿ ಕೆಂಪು ಮೂಡಿತು,
ಬೆಸುಗೆ ನಿಲ್ಲಿಸಿದ ಕೊನೆಯ ಕುಳಿಯಲ್ಲಿ.
ಉಳಿದ ಇಪ್ಪತ್ತೆಂಟು ಬೆಳ್ಳಗೆ, ಏನೂ ಅರಿಯದವರ ಹಾಗೆ.
ನನಗೆ ಹೆದರಿಕೆಯಾದದ್ದು ಆ ಬಿಳಿಗೆ.
ಬಣ್ಣಕ್ಕೆ ಗೊತ್ತಾಗುವುದು ಮೈ ಮಾತ್ರ.

ಒಂದನ್ನು ಕೊಯ್ಯೋಣ ಎಂದೆ.
ಲುಂಕಡ್ ಸೇಠರು ಕ್ಯಾಲ್ಕುಲೇಟರ್ ಎತ್ತಿಕೊಂಡರು:
"ಒಳ್ಳೇ ಮಾಲು ಕೊಯ್ದು ಒಳ್ಳೇದಿತ್ತು ಅಂತ ಹೇಳೋದಾ?"
ಚಾಚಾ ಮಾತಾಡಲಿಲ್ಲ.
ಬಿಳಿಯದರಲ್ಲೇ ಒಂದನ್ನು ಆರಿಸಿ ತಾವೇ ಗರಗಸಕ್ಕೆ ಕೊಟ್ಟರು.

ಕೊಯ್ದ ಮುಖ ಉಜ್ಜಿ ಆಸಿಡ್ ಹಚ್ಚಿದಾಗ ಕಂಡಿತು:
ಮೇಲೆ ದುಂಡಗೆ, ಮೈತುಂಬಿ;
ಕೆಳಗೆ, ಎರಡು ತಗಡು ಸೇರುವ ಸಂದಿಯಲ್ಲಿ
ಉಗುರಿನುದ್ದ ಕರಿ ಗೆರೆ.
ಬೇರು ಇಳಿದಿರಲೇ ಇಲ್ಲ.
ಕಬ್ಬಿಣದ ಮೇಲೆ ಕಬ್ಬಿಣ ಸುಮ್ಮನೆ ಮಲಗಿತ್ತು.

ಚಾಚಾ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.
"ಮಧ್ಯಾಹ್ನದ್ದು" ಅಂದರು ಕೊನೆಗೆ.
"ಮೂರರ ಮೇಲೆ ಪಕ್ಕದವರ ಪ್ರೆಸ್ಸು ಕುಟ್ಟತೊಡಗಿದರೆ
ನನ್ನ ಕಿಡಿಯ ಸದ್ದು ಬದಲಾಗುತ್ತೆ.
ಹುರಿಯೋ ಸದ್ದು ಹೋಗಿ ಉಗುಳೋ ಸದ್ದು.
ಕೇಳಿಸ್ತಿತ್ತು. ಹೇಳಲಿಲ್ಲ. ಕೇಳೋರು ಯಾರಿದ್ದರು?"

ನಾನಿದ್ದೆ.
ಸಂಬಳ ಕೊಡುವುದೇ ಅದಕ್ಕೆ.

ಈಗ ಗೋಡೆಯಲ್ಲೊಂದು ವೋಲ್ಟ್ ಮೀಟರು,
ಮುಳ್ಳು ಕೆಂಪಿಗಿಳಿದರೆ ಚಹಾ.
ದಪ್ಪ ತಗಡೆಲ್ಲ ಬೆಳಗಿನ ಪಾಳಿಗೆ.
ಮೂಲೆಯಲ್ಲಿ ನಿಲ್ಲಿಸುವಂತಿಲ್ಲ: ಸುತ್ತಿ ಹೋಗಿ,
ಕುಳಿ ತುಂಬಿ, ಎರಡು ಎಣಿಸಿ, ಆಮೇಲೆ ಕೈ ಎತ್ತಬೇಕು.
ಚಾಚಾ ಹುಡುಗರಿಗೆ ಬಾಯಿಮಾತಲ್ಲಿ ಎಣಿಸಿಸುತ್ತಾರೆ,
"ಏಕ್, ದೋನ್", ಅಂಗನವಾಡಿಯ ಹಾಗೆ.
ಐವತ್ತಕ್ಕೊಂದು ಗರಗಸಕ್ಕೆ.
ಸೇಠರು ಅದನ್ನು ನಷ್ಟವೆಂದೇ ಬರೆಯುತ್ತಾರೆ. ಬರೆಯಲಿ.

ನಾಲ್ಕನೇ ದಿನ ಬೀರಗೊಂಡ ಹೊಸದನ್ನು ಪಾನದಿಂದ ಬಡಿದು
ಕಿವಿ ಇಟ್ಟು ಕೇಳಿದ.
"ಸದ್ದು ಬರೋಬ್ಬರಿ ಐತಿ. ಇದರ ಮ್ಯಾಲ ಏಳು ಯಾಕಿಲ್ಲ?"
ಇದರ ಜೊತೆಯದು ಇನ್ನೂ ಆಸಿಡ್ಡಿನಲ್ಲಿದೆ, ಕೂಡ್ರಿ ಅಂದೆ.
ಕೂತ.

ಮಾರಿಹೋದವು ಇನ್ನೂರ ಹದಿನಾಲ್ಕು.
ಸಂಜೆ ಮೆಷಿನ್ನುಗಳು ನಿಂತ ಮೇಲೆ ಬಿಲ್ ಪುಸ್ತಕ ತೆರೆದು
ನಂಬರು ಒತ್ತುತ್ತೇನೆ. ಕಳಂಬೋಲಿ, ವಾಶಿ, ಹುಮನಾಬಾದ್.
ಅರವತ್ತೊಂದು ಸಿಕ್ಕಿವೆ.
ಕೆಲವರು ಬೈಯುತ್ತಾರೆ. ಕೆಲವರಿಗೆ ಹಾರ್ನುಗಳ ನಡುವೆ ಕೇಳಿಸುವುದಿಲ್ಲ,
ಮತ್ತೆ ಹೇಳುತ್ತೇನೆ:
ಗಾಡಿ ಬದಿಗೆ ಹಾಕಿ ಅಣ್ಣಾ. ಟಾರ್ಚ್ ಇದೆಯಾ?
ಹಿಂದಿನ ಬ್ರಾಕೆಟ್ಟಿನ ಕೆಳಗೆ, ಎಡ ಮೂಲೆ.
ಮಣ್ಣು ಒರೆಸಿ ನೋಡಿ,
ಏಳು ಅಂತ ಇದೆಯಾ?