ಹನ್ನೊಂದು ಗೆರೆ

ಮೊದಲ ಸುತ್ತು ನನ್ನದೇ.
ಗಂಟೆಗೆ ಎಂಟು ಕಿಲೋಮೀಟರು, ಹಿಂದೆ ತೂತುಪೈಪು.
ಕುರೆಕುಪ್ಪದಾಚೆ ಹಳೇ ಅದಿರು ಯಾರ್ಡಿನ ನೆಲ
ಚೊರ್ರಂತ ಕುಡಿಯುತ್ತದೆ.
ಜಾಸ್ತಿ ಬಿಟ್ಟರೆ ಕೆಸರು, ಗಾಡಿ ಜಾರುತ್ತದೆ;
ಕಮ್ಮಿ ಬಿಟ್ಟರೆ ಧೂಳು, ಹಿಂದಿನವ ಕುರುಡ.
ರೊಟ್ಟಿ ಹಿಟ್ಟಿಗೆ ನೀರು ಹಾಕಿದ ಹಾಗೆ, ಅಂತಾಳೆ ನನ್ನ ಹೆಂಡತಿ,
ಒಮ್ಮೆಯೂ ಬಂದು ನೋಡದೆ.

ಆಮೇಲೆ ಅವರು.
ಎಡಗಾಲ ಬೂಟಿನಡಿ ಲಾರಿ ಪಟ್ಟಿಯ ತುಂಡು,
ಹೊನ್ನೂರ್‌ಸಾಬಿ ಬಗ್ಗಿಸಿ ವೆಲ್ಡಿಂಗ್ ಮಾಡಿಕೊಟ್ಟದ್ದು;
ತಿರುವಿನಲ್ಲಿ ಆ ಕಾಲು ನೆಲಕ್ಕೆ ಊರಿ,
ಹಿಂದಿನ ಚಕ್ರ ಹೊರಗೆ ಬೀಸಿ,
ಬಿದ್ದೇ ಬಿಟ್ಟರು ಅನ್ನುವಾಗ ಎದ್ದಿರುತ್ತಾರೆ.
ಜೀನ್ಸ್ ಹೊಲಿಯುವ ಗಾದಿಲಿಂಗ, ಪಂಕ್ಚರ್ ಅಂಗಡಿ ಮೌಲಾ,
ನೈಟ್ ಶಿಫ್ಟ್ ಮುಗಿಸಿ ನಿದ್ದೆಗಣ್ಣಲ್ಲೇ ಬಂದ ಎರ್ರಿಸ್ವಾಮಿ.
ಎಡಕ್ಕೆ, ಎಡಕ್ಕೆ, ಮತ್ತೂ ಎಡಕ್ಕೆ.
ಬಲಕ್ಕೆ ತಿರುಗುವುದು ಈ ದಾರಿಗೆ ಗೊತ್ತಿಲ್ಲ.

ತೂಕದ ಕಟ್ಟೆಯ ಕೋಣೆಗೆ ಸೂರು ಹೋಗಿದೆ.
ಅದರ ಮೆಟ್ಟಿಲ ಮೇಲೆ ಪಂಪಾಪತಿ,
ಗೋಡೆಗೆ ಸುಣ್ಣದ ಕಡ್ಡಿಯಲ್ಲಿ
ಒಬ್ಬೊಬ್ಬರ ಹೆಸರಿನ ಮುಂದೆ ಸುತ್ತಿಗೊಂದು ಗೆರೆ.
ನಾಲ್ಕು ನಿಂತದ್ದು, ಐದನೆಯದು ಅಡ್ಡ.

ಇವತ್ತು ಜಗಳ.
ಹನ್ನೆರಡಾಯಿತು ಅಂತ ಗಾದಿಲಿಂಗ ಗಾಡಿ ನಿಲ್ಲಿಸಿ ಕೈ ಎತ್ತಿದ.
ಮಿರ್ಚಿ ಕರಿಯುವ ಸುಂಕಲಮ್ಮನೂ ಜಾಲರಿ ಎತ್ತಿ ಕೂಗಿದಳು.
ಗೋಡೆ ಮೇಲೆ ಹನ್ನೊಂದು.
"ಒಂದು ಗೆರಿ ತಾನೆ, ಎಳಿಯೋ ತಾತಾ,
ನಿಮ್ಮಪ್ಪನ ಗಂಟು ಹೋಗ್ತೈತೇನು?"

ಪಂಪಾಪತಿ ಕನ್ನಡಕ ತೆಗೆದು ಅಂಗಿಗೆ ಒರೆಸಿದ.
ಅಂಗಿಯೇ ಕೆಂಪು; ಗಾಜು ಇನ್ನಷ್ಟು ಕೆಂಪಾಯಿತು.
"ಇದೇ ಕಟ್ಟಿ ಮ್ಯಾಲೆ
ನಾಕು ಲಾರಿ ಹೋದ್ರೆ ಮೂರು ಬರ್ದ ಕೈ ಇದು.
ಇಪ್ಪತ್ತೈದು ಟನ್ನಿಗೆ ಹದಿನಾರು.
ಬರಿ ಅಂದ್ರೆ ಬರೀತಿದ್ದೆ, ಬಿಡು ಅಂದ್ರೆ ಬಿಡ್ತಿದ್ದೆ.
ಗುಡ್ಡ ಹೋತು.
ಲೆಕ್ಕದಾಗ ಇನ್ನೂ ಐತಿ.
ಹನ್ನೊಂದಂದ್ರೆ ಹನ್ನೊಂದಪ್ಪಾ."

ಬಾಣಲೆಯ ಎಣ್ಣೆ ಬಿಟ್ಟರೆ ಯಾರದೂ ಸದ್ದಿಲ್ಲ.
ಗಾದಿಲಿಂಗ ಕಿಕ್ ಹೊಡೆದ. ಹತ್ತಲಿಲ್ಲ. ಮತ್ತೆ ಹೊಡೆದ.
ಅಷ್ಟರಲ್ಲಿ ಮೌಲಾ ಗೆದ್ದಾಗಿತ್ತು.
ಆದರೂ ಉಳಿದ ಆ ಒಂದು ಸುತ್ತನ್ನು
ಗಾಡಿ ತಳ್ಳಿಕೊಂಡೇ ಮುಗಿಸಿದ,
ಪಂಪಾಪತಿಯ ಏಳು ತಲೆಮಾರನ್ನು ಬೈಯುತ್ತ.
ಅವನಿಗೂ ಬಿತ್ತು ಹನ್ನೆರಡನೇ ಗೆರೆ.

ಸಂಜೆ ಎಲ್ಲರೂ ಹೋದ ಮೇಲೆ
ಟ್ಯಾಂಕಿನ ತಳದ ನೀರು ಖಾಲಿ ಮಾಡಲು ಮತ್ತೊಮ್ಮೆ ಹೊರಟೆ.
ಚಕ್ರದ ಗೀರು, ಬೂಟಿನ ಗೀರು
ತೇವಕ್ಕೆ ಮೆತ್ತಗಾಗಿ ಮುಚ್ಚಿಕೊಂಡವು.
ಕಟ್ಟೆ ದಾಟುವಾಗ ಕನ್ನಡಿಯಲ್ಲಿ ಕಂಡ:
ಮೊಣಕಾಲು ಹಿಡಿದು ಎದ್ದು,
ಯಾರ ಹೆಸರೂ ಇಲ್ಲದ ಕಡೆ
ಒಂದು ಗೆರೆ ಎಳೆದ.